ಬಾವಿಯ ನೀರು ಬಾವಿಗೆ

ಕಂಡಿಕಿಯ ದಾರ ಮತ್ತೆ ಹರಿಯಿತು. ಬೆಳಗಿನಿಂದ ಇದು ನಾಲ್ಕನೆಯದೋ ಐದನೆಯದೋ. ರಾಜಶ್ರೀ ಚಕ್ರ ನಿಲ್ಲಿಸಿದಳು. ಹರಿದ ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಳು, ಆದರೆ ಗಂಟು ಹಾಕದೆ ಸುಮ್ಮನೆ ನೋಡುತ್ತ ಕೂತಳು. ಗೋಡೆಯಾಚೆ ಅಪ್ಪನ ಎರಡು ಮಗ್ಗಗಳು ಬಡಿಯುತ್ತಿದ್ದವು. ಬನಹಟ್ಟಿಯ ಆ ಓಣಿಯಲ್ಲಿ ಹುಟ್ಟಿದವರಿಗೆ ಆ ಸದ್ದು ಕೇಳಿಸುವುದು ಅದು ನಿಂತಾಗ ಮಾತ್ರ. ಲಾಳಿಯೊಳಗೆ ಕೂರುವ ಗೇಣುದ್ದದ ಕಡ್ಡಿಗೆ ದಾರ ಸುತ್ತಿ ಕಂಡಿಕಿ ಮಾಡುವ ಈ ಕೆಲಸ ಒಂಬತ್ತು ವರ್ಷದಿಂದ ಅವಳದು. ಕಣ್ಣು ಮುಚ್ಚಿದರೂ ಕೈ ತಾನೇ ಮಾಡುತ್ತಿತ್ತು. ಇವತ್ತು ಕೈಗೆ ಏನೋ ಆಗಿದೆ, ಅಥವಾ ಕೈ ಸರಿಯಾಗಿಯೇ ಇದ್ದು ಅದರ ಹಿಂದೆ ಕೂತವಳಿಗೆ ಏನೋ ಆಗಿದೆ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಸರಿದಿದೆ ಎಂದು ಅವಳು ಮತ್ತೆ ಮತ್ತೆ ನೋಡುತ್ತಿದ್ದಳು. ಬಿಸಿಲು ಆ ಎದುರಿನ ಗೋಡೆ ಹತ್ತಿದರೆ ಸಂಜೆ. ಸಂಜೆಯಾಗುವ ಮುನ್ನ ಪಕ್ಕದ ಮನೆಯ ಅಕ್ಕವ್ವ ಅವಳನ್ನು ಕರೆದು, ಎರಡೂ ಕೈ ಜೋಡಿಸಿ, ಕ್ಷಮೆ ಕೇಳುತ್ತಾಳೆ.

"ಏನ್ ಬೇ, ದಾರದ ಕೂಡ ಮಾತಾಡಾಕತ್ತೀಯೇನು?" ಅವ್ವ ಮುತ್ತವ್ವ ಬಾಗಿಲಲ್ಲಿ ನಿಂತಿದ್ದಳು. "ಅಲ್ಲಿ ನಿಮ್ಮಪ್ಪ ಕಂಡಿಕಿ ಕಂಡಿಕಿ ಅಂತ ಹೊಯ್ಕೋಳಾಕತ್ತಾನ. ಲಾಳಿ ಖಾಲಿ ಓಡಬೇಕೇನ?"

"ಕೊಡ್ತೇನಿ ತಡಿಯವ್ವಾ."

"ಮಾರಿ ಯಾಕ ಹಂಗ ಮಾಡೀ? ಹೊಟ್ಟಿ ನೂಸಾಕತ್ತೇತೇನು?"

ಇಲ್ಲ ಎಂದು ಅವಳು ತಲೆಯಾಡಿಸಿದಳು. ಹೊಟ್ಟೆನೋವೆಂದಿದ್ದರೆ ಒಳ್ಳೆಯದಿತ್ತು; ಮಲಗಿಬಿಡಬಹುದಿತ್ತು, ಸಂಜೆ ದಾಟಿಬಿಡುತ್ತಿತ್ತು. ಆದರೆ ಬಾಯಿಂದ ಆಗಲೇ ಒಂದು ಸುಳ್ಳು ಎಂಟು ತಿಂಗಳಿಂದ ದಿನಕ್ಕೊಮ್ಮೆ ಹೊರಬೀಳುತ್ತಿತ್ತು. ಅದರ ಮೇಲೆ ಇನ್ನೊಂದಕ್ಕೆ ಜಾಗವಿರಲಿಲ್ಲ.

ಅದು ಎಷ್ಟು ಸಣ್ಣ ಸುಳ್ಳೆಂದರೆ, ಹೇಳಿದರೆ ಯಾರಾದರೂ ನಗುತ್ತಾರೆ. ಅಕ್ಕವ್ವನನ್ನು ಅವಳು ಆಯಿ ಎನ್ನುತ್ತಿದ್ದಳು, ಓಣಿಯ ಹುಡುಗಿಯರೆಲ್ಲ ಹಾಗೇ ಅನ್ನುತ್ತಿದ್ದರು. ಎಪ್ಪತ್ತೆಂಟರ ಜೈನ ಮುದುಕಿ. ಗಂಡ ತೀರಿದ ಮೇಲೆ ವ್ರತ ಹಿಡಿದವಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಕುಡಿಯುವುದು ಬಸದಿಯ ಹಿಂದಿನ ಬಾವಿಯ ನೀರು ಮಾತ್ರ, ಅದೂ ಸೇದಿ ತಂದದ್ದು, ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸಿದ್ದು. ಮೊಣಕಾಲು ಹೋದ ಮೇಲೆ, ಮೂರು ವರ್ಷದಿಂದ, ದಿನಾ ಮುಂಜಾನೆ ಒಂದು ಕೊಡ ಸೇದಿ ತಂದುಕೊಡುವುದು ರಾಜಶ್ರೀಯ ಪಾಲಿಗೆ ಬಂದಿತ್ತು. ಯಾರೂ ಹೇಳಿರಲಿಲ್ಲ, ಅವಳೇ ತಂದದ್ದು. ಸೋಸುವುದನ್ನು ಮಾತ್ರ ಅಕ್ಕವ್ವ ಯಾರಿಗೂ ಬಿಡುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು, ಕೊಡದಿಂದ ಹಂಡೆಗೆ ನೀರನ್ನು ಸದ್ದಾಗದಂತೆ ಇಳಿಸುತ್ತಿದ್ದಳು. ಆಮೇಲೆ ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರನ್ನೇ ಬೊಗಸೆಯಿಂದ ಅದರ ಮೇಲೆ ಬಿಟ್ಟು, ಅರಿವೆಗೆ ಅಂಟಿಕೊಂಡಿರಬಹುದಾದ ಜೀವಗಳನ್ನು ಒಂದು ಸಣ್ಣ ತಾಮ್ರದ ತಂಬಿಗೆಗೆ ಇಳಿಸಿಕೊಳ್ಳುತ್ತಿದ್ದಳು. ಆ ತಂಬಿಗೆ ಮತ್ತೆ ಬಾವಿಗೆ ಹೋಗಬೇಕು. ಯಾವ ಬಾವಿಯ ಜೀವವೋ ಅದೇ ಬಾವಿಗೆ. ಬೇರೆ ನೀರಿಗೆ ಹಾಕಿದರೆ ಸಾಯುತ್ತವೆ. ಮೇಲಿಂದ ಸುರಿಯುವಂತೆಯೂ ಇಲ್ಲ, ಅಷ್ಟೆತ್ತರದಿಂದ ಬಿದ್ದರೂ ಸಾಯುತ್ತವೆ. ಅದಕ್ಕೇ ಆ ತಂಬಿಗೆಯ ತಳಕ್ಕೆ ಬಳೆಯಂಥ ಒಂದು ಕಡಿ ಬೆಸೆದಿತ್ತು. ಹಗ್ಗ ಕಟ್ಟುವುದು ತಳದ ಆ ಕಡಿಗೆ, ಬಾಯಿಯ ಅಂಚಿಗೆ ಅದೇ ಹಗ್ಗವನ್ನು ಒಂದು ಕೊಕ್ಕೆಯಿಂದ ಸಿಕ್ಕಿಸುವುದು ಮಾತ್ರ. ಮೆಲ್ಲಗೆ ಇಳಿಬಿಟ್ಟರೆ ತಂಬಿಗೆ ನೀರಿನ ಮೇಲೆ ಕೂರುತ್ತದೆ, ಕೊಕ್ಕೆ ತಾನೇ ಸಡಿಲಾಗಿ ಕಳಚುತ್ತದೆ, ಆಗ ಎಳೆದರೆ ತಲೆಕೆಳಗಾಗಿ ಬರಿದಾಗುತ್ತದೆ. ಮೊದಲ ಸಲ ತೋರಿಸಿದಾಗ ರಾಜಶ್ರೀಗೆ ನಗು ಬಂದಿತ್ತು, ಆಮೇಲೆ ಬೆರಗಾಗಿತ್ತು: ಕಣ್ಣಿಗೆ ಕಾಣದ ಹುಳಕ್ಕೆ ಪೆಟ್ಟಾಗಬಾರದೆಂದು ಯಾವನೋ ಕಂಚುಗಾರ ಕೂತು ಯೋಚಿಸಿ ಇದನ್ನು ಮಾಡಿದ್ದಾನಲ್ಲ! ತಿರುಗಿ ಬಂದಾಗ ಅಕ್ಕವ್ವ ಒಂದೇ ಮಾತು ಕೇಳುತ್ತಿದ್ದಳು. "ಮುಟ್ಟಿಸಿ ಬಂದೇನವ್ವಾ?" ಅವಳು ಒಂದೇ ಮಾತು ಹೇಳುತ್ತಿದ್ದಳು. "ಹೂಂನ್ರಿ ಆಯಿ."

ಎರಡು ವರ್ಷಕ್ಕೂ ಹೆಚ್ಚು ದಿನ ಆ ಹೂಂ ಖರೆಯಾಗಿತ್ತು.

ಸಂಕ್ರಾಂತಿಯ ಮರುದಿನವೋ ಅದರ ಮರುದಿನವೋ, ಬಾವಿಯ ಎದುರಿನ ಬೇವಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕೂತಿದ್ದರು. ರಾತ್ರಿ ಪಾಳಿಯ ಮಗ್ಗ ಮುಗಿಸಿ ಬಂದವರು, ಕಣ್ಣಲ್ಲಿ ನಿದ್ದೆ, ಕೂದಲಲ್ಲಿ ಹತ್ತಿಯ ಧೂಳು. ಅವರಲ್ಲಿ ಕಲ್ಮೇಶ. ಅವಳ ಜೊತೆ ಸಾಲೆಗೆ ಹೋದವನು, ಅವಳಂತೆ ಎಂಟನೆಯದಕ್ಕೇ ಬಿಟ್ಟವನು. ಅವಳು ತಂಬಿಗೆ ಇಳಿಸುತ್ತಿರುವಾಗ ಅವನು ಗಟ್ಟಿಯಾಗಿ ಕೇಳಿದ: "ಏನ್ ರಾಜಿ, ಹುಳಗೋಳಿಗೆ ಟಿಕೀಟ್ ತಗಸಿಯೋ, ಪುಕ್ಕಟ ಕಳಸಾಕತ್ತೀಯೋ?" ಎಲ್ಲರೂ ನಕ್ಕರು. ಅಲ್ಲಿಗೆ ಮುಗಿದಿದ್ದರೆ ಅವಳೂ ನಕ್ಕುಬಿಡುತ್ತಿದ್ದಳೇನೋ. ಅವನು ನಿಲ್ಲಿಸಲಿಲ್ಲ. "ಹುಳಾನೆಲ್ಲ ತವರಮನಿಗಿ ಮುಟ್ಟಿಸಿ ಬರ್ತಿ. ನಿನ್ನ ಗಂಡನ ಮನಿಗಿ ಮುಟ್ಟಸವ್ರು ಯಾರ್ ಬೇ?" ನಗು ಮತ್ತೆ ಎದ್ದಿತು, ಈ ಸಲ ಸ್ವಲ್ಪ ತಡೆದು, ಒಬ್ಬರನ್ನೊಬ್ಬರು ನೋಡಿಕೊಂಡು. ಹಿಂದಿನ ವಾರವಷ್ಟೇ ಮುಧೋಳದವರು ಬಂದು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಹೋಗಿ ಫೋನು ಮಾಡದೆ ಉಳಿದಿದ್ದರು. ಓಣಿಗೆಲ್ಲ ಗೊತ್ತಿತ್ತು. ಹಗ್ಗ ಅವಳ ಕೈ ಜಾರಿ, ತಂಬಿಗೆ ಬಾವಿಯ ಗೋಡೆಗೆ ಬಡಿದು ಟಣ್ ಎಂದಿತು. ಆ ಸದ್ದು ಈಗಲೂ, ಮಗ್ಗದ ಸದ್ದಿನೊಳಗೇ ಎಲ್ಲೋ, ಇತ್ತು.

ಮರುದಿನ ಅವಳು ಕೊಡ ತರಲು ಕತ್ತಲಿರುವಾಗಲೇ ಹೋಗಿ ಬಂದಳು. ಆದರೆ ಸೋಸಿ ಮುಗಿಯುವಷ್ಟರಲ್ಲಿ ಬೆಳಕಾಯಿತು. ತಂಬಿಗೆ ಹಿಡಿದು ಓಣಿಯ ತಿರುವಿನವರೆಗೆ ಹೋದಳು. ಅಲ್ಲಿಂದ ಕಟ್ಟೆ ಕಾಣುತ್ತಿತ್ತು, ಕಟ್ಟೆಯ ಮೇಲೆ ಜೋತುಬಿದ್ದ ಕಾಲುಗಳು ಕಾಣುತ್ತಿದ್ದವು. ತಿರುವಿನಲ್ಲಿ ಗಟಾರವಿತ್ತು. ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಗಳಿದ್ದುದರಿಂದ ಆ ಗಟಾರ ಒಂದು ದಿನ ಕೆಂಪಗೆ, ಒಂದು ದಿನ ಹಸಿರಾಗಿ ಹರಿಯುತ್ತಿತ್ತು. ಅವತ್ತು ಕುಂಕುಮದ ಕೆಂಪು. ಅವಳು ಬಗ್ಗಿ, ಯಾರಾದರೂ ನೋಡಿದರೆ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಾಳೆ ಅನ್ನುವಂತೆ, ತಂಬಿಗೆ ಬಗ್ಗಿಸಿದಳು. ಎರಡು ಬೊಗಸೆ ನೀರು. ಬಿದ್ದ ಕಡೆ ಕೆಂಪು ಒಂದು ಗಳಿಗೆ ತಿಳಿಯಾಯಿತು, ಮತ್ತೆ ಕೂಡಿಕೊಂಡಿತು. ನಾಳೆ ಬಾವಿಗೇ ಹೋಗುತ್ತೇನೆ ಅಂದುಕೊಂಡಳು. ಸ್ವಲ್ಪ ಹೊತ್ತು ಅಲ್ಲೇ ಗೋಡೆಗೊರಗಿ ನಿಂತು, ಬಾವಿಗೆ ಹೋಗಿ ಬರುವಷ್ಟು ಹೊತ್ತಾದ ಮೇಲೆ ತಿರುಗಿ ಹೋದಳು. "ಮುಟ್ಟಿಸಿ ಬಂದೇನವ್ವಾ?" ಹೂಂನ್ರಿ ಆಯಿ. ಎಷ್ಟು ಸಲೀಸಾಗಿ ಬಂತು ಅದು! ಹೂಂ ಅನ್ನುವುದಕ್ಕೆ ಬಾಯಿ ತೆರೆಯುವುದೂ ಬೇಕಿರಲಿಲ್ಲ.

ಒಮ್ಮೆ ಚೆಲ್ಲುವಾಗ ತಂಬಿಗೆಯ ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗಿನ ಕೆಂಪು ಎಳೆಯೊಂದು ಕಂಡಿತು. ಮಿಸುಕಿತೇ? ನೀರು ಅಲ್ಲಾಡಿದ್ದಕ್ಕೆ ಅಲ್ಲಾಡಿತೇ? ಅವಳ ಮೈಮೇಲೆ, ಸೆರಗಿನಲ್ಲಿ, ಉಗುರಿನ ಸಂದಿಯಲ್ಲಿ ಸದಾ ದಾರದ ಎಳೆಗಳಿರುತ್ತಿದ್ದವು. ದಾರವೇ ಇರಬೇಕು. ಅವಳು ಬಗ್ಗಿಸಿದಳು, ಅದು ಗಟಾರದಲ್ಲಿ ಹೋಯಿತು. ಆ ದಿನ ಊಟ ಮಾಡುವಾಗ ತನ್ನ ತಟ್ಟೆಯ ಅಂಚಿನಲ್ಲಿದ್ದ ಒಂದು ಎಳೆಯನ್ನು ನೋಡಿ ಎದ್ದು ಹೋಗಿ ಕೈ ತೊಳೆದಿದ್ದಳು.

ಅವಳೊಬ್ಬಳಿಗೇ ಗೊತ್ತಿದ್ದರೆ ಅದು ಬೇರೆ. ಅಕ್ಕವ್ವನ ಮಗ ಪಾರಿಸಪ್ಪನಿಗೂ ಗೊತ್ತಿತ್ತು. ಬೇಸಿಗೆಯಲ್ಲೊಂದು ದಿನ ನೂಲಿನ ಗಂಟು ಹೇರಿಕೊಂಡು ಬೈಕಿನ ಮೇಲೆ ತಿರುವಿನಲ್ಲಿ ಬಂದವನು, ಅವಳ ಕೈಯಲ್ಲಿ ತಂಬಿಗೆ ಬಗ್ಗಿದ್ದು ನೋಡಿದ್ದ. ಬೈಕು ನಿಧಾನ ಮಾಡಿದ. ಅವನು ಬೈಯಲಿಲ್ಲ. ಒಂಥರ ನಕ್ಕು, "ಇರ್ಲಿ ಬಿಡವ್ವಾ. ಅವ್ವಗೇನ ತಿಳೀತೇತಿ. ನಾನೂ ಹೊರಗ ಹೋದ್ರ ಹೋಟೆಲ್ಲಿನ ನೀರ ಕುಡೀತೇನಿ" ಎಂದು ಹೋದ. ಬೈದಿದ್ದರೆ ಅವತ್ತೇ ನಿಲ್ಲಿಸುತ್ತಿದ್ದಳೇನೋ. ಆ ನಗು ಅವಳನ್ನು ಬಿಡಿಸಿತು, ಬಿಡಿಸಿ ಇನ್ನಷ್ಟು ಕಟ್ಟಿತು. ಮನೆಯ ಮಗನೇ ಇರಲಿ ಬಿಡು ಅಂದ ಮೇಲೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಏನು? ಅವ್ವನೂ ಅದನ್ನೇ ಅನ್ನುತ್ತಿದ್ದಳು: "ಅವ್ರ ಧರ್ಮ ಅವ್ರಿಗೆ, ನಮ್ಮದು ನಮಗ." ಎಲ್ಲರೂ ಅನ್ನುತ್ತಿದ್ದರು. ಅಂದು, ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜಗಳವಿರಲಿಲ್ಲ ಓಣಿಯಲ್ಲಿ. ಒಬ್ಬರ ದೇವರನ್ನು ಇನ್ನೊಬ್ಬರು ಬೈದದ್ದೂ ಇಲ್ಲ, ಒಬ್ಬರ ದೇವರು ಏನು ಕೇಳುತ್ತದೆ ಎಂದು ಇನ್ನೊಬ್ಬರು ವಿಚಾರಿಸಿದ್ದೂ ಇಲ್ಲ.

ಒಬ್ಬಳು ವಿಚಾರಿಸಿದ್ದಳು. ಆ ನೆನಪು ಬಂದಾಗ ರಾಜಶ್ರೀ ಚಕ್ರವನ್ನು ಜೋರಾಗಿ ತಿರುಗಿಸುತ್ತಿದ್ದಳು, ದಾರ ಹರಿದರೂ ಚಿಂತೆಯಿಲ್ಲ ಎಂಬಂತೆ. ಅವಳಿಗೆ ಹದಿನಾಲ್ಕು. ಅವ್ವನನ್ನು ಆಪರೇಶನ್ನಿಗೆಂದು ಜಮಖಂಡಿಯ ದವಾಖಾನೆಗೆ ಹಾಕಿದ್ದರು. ಮೈಮೇಲೆ ಏನೂ ಇರಬಾರದೆಂದು ಕೊರಳಿನ ಬೆಳ್ಳಿಯ ಕರಡಿಗೆಯನ್ನೂ ಬಿಚ್ಚಿಸಿದರು. ಮದುವೆಯಾದಾಗಿನಿಂದ ಅವ್ವ ಆ ಲಿಂಗವನ್ನು ಒಂದು ದಿನವೂ ಎದೆಯಿಂದ ಇಳಿಸಿದವಳಲ್ಲ. ಅಪ್ಪ ಅದನ್ನು ತಂದು ಮೊಳೆಗೆ ತೂಗುಹಾಕಿ, ಮಗ್ಗಕ್ಕೆ ಹೋದ. ಹೊಸ್ತಿಲಲ್ಲಿ ನಿಂತ ಅಕ್ಕವ್ವ ಅದನ್ನು ನೋಡಿದಳು. ಆಗ ಕಾಲು ಗಟ್ಟಿಯಿದ್ದವು. ಒಳಗೆ ಬರಲಿಲ್ಲ, ಅದನ್ನು ಮುಟ್ಟಲಿಲ್ಲ. "ರಾಜಿ, ಜಳಕಾ ಮಾಡಿ ಬಾ. ಒಂದ ಮಣೀ ತೊಳದು ಇಡು. ಅದನ್ನ ತಗದು ಮಣೀ ಮ್ಯಾಲೆ ಇಟ್ಟು, ನಿಮ್ಮವ್ವ ಹೆಂಗ ಮಾಡತಿದ್ಲು, ಹಂಗ ಮಾಡು. ನಾ ಇಲ್ಲೇ ನಿಂತಿರತೇನಿ." ನಾಲ್ಕು ದಿನ, ದಿನಾ ಮುಂಜಾನೆ ಬಂದು ನಿಂತಳು. ನೀರು ಹಾಕಿದೇನು? ವಿಭೂತಿ ಹಚ್ಚಿದೇನು? ಗಿಡದಿಂದ ಹೂವು ಹರಿಯದ ವ್ರತ ಆಕೆಯದು, ಆದರೆ ಸೆರಗಿನ ತುದಿಯಲ್ಲಿ ತನ್ನ ಹಿತ್ತಲಲ್ಲಿ ಉದುರಿದ ಪಾರಿಜಾತ ಆರಿಸಿ ತಂದಿರುತ್ತಿದ್ದಳು. "ಇದಕ್ಕ ಕೈ ಮುಗೀರಿ ಆಯಿ" ಎಂದು ರಾಜಶ್ರೀ ಅಂದಾಗ, ಆಕೆ ಇಲ್ಲವೆಂದಳು. "ನಾ ಮುಗಿಯೂದಿಲ್ಲವ್ವ, ನಮ್ಮ ದೇವರಲ್ಲ ಅದು. ಖರೆ ನಿಮ್ಮವ್ವ ಅಲ್ಲಿ ಮಲಕೊಂಡು ಇದನ್ನ ನೆನಸ್ತಿರತಾಳ. ಆಕೀ ಪೂಜಿ ತಪ್ಪಬಾರದು." ಅವ್ವ ತಿರುಗಿ ಬಂದಾಗ ಮೊದಲು ಕೇಳಿದ್ದು ಅದನ್ನೇ. ತಪ್ಪಿಲ್ಲವೆಂದು ತಿಳಿದು ಅತ್ತಿದ್ದಳು. ಅವ್ವನಿಗೆ ಕೂತು ದಾರ ಸುತ್ತಲಾಗದೆ ಕಂಡಿಕಿಯ ಚಕ್ರ ರಾಜಶ್ರೀಗೆ ಬಂದದ್ದೂ ಸಾಲೆ ತಪ್ಪಿದ್ದೂ ಆಗಲೇ. ಆ ಸಾಲೆಯ ನೋವು ಈಗ ನೆನಪಿಗೆ ಬರುವುದಿಲ್ಲ, ಸೆರಗಿನ ತುದಿಯ ಪಾರಿಜಾತದ ಕೇಸರಿ ತೊಟ್ಟುಗಳು ಬರುತ್ತವೆ.

ಬಿಸಿಲು ಗೋಡೆ ಹತ್ತಿತು. "ರಾಜೀ, ಆಯಿ ಕರ್ಯಾಕತ್ತಾಳ ನೋಡ" ಎಂದು ಅವ್ವ ಕೂಗಿದಳು.

ಬಸದಿಯಲ್ಲಿ ಹತ್ತು ದಿನದ ಪರ್ವ ನಿನ್ನೆಗೆ ಮುಗಿದಿತ್ತು; ಅದರ ಮರುದಿನ ಜೈನರು ಕಂಡವರೆಲ್ಲರ ಕ್ಷಮೆ ಕೇಳುವ ದಿನ. ಹತ್ತು ದಿನವೂ ಒಪ್ಪೊತ್ತು ಉಂಡ ಅಕ್ಕವ್ವ ಇನ್ನಷ್ಟು ಸಣ್ಣಗಾಗಿದ್ದಳು. ಮಂಚದ ಅಂಚಿಗೆ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮುಂಜಾನೆಯಿಂದ ನೆಂಟರು, ಓಣಿಯವರು ಬಂದು ಹೋಗಿದ್ದರು. ಈಗ ಪಡಸಾಲೆ ಖಾಲಿ. ಮೂಲೆಯಲ್ಲಿ ಹಂಡೆ, ಹಂಡೆಯ ಮೇಲೆ ಒಣಗಲು ಹರವಿದ ಅರಿವೆ, ಪಕ್ಕದಲ್ಲಿ ತಳಕ್ಕೆ ಕಡಿಯಿದ್ದ ತಂಬಿಗೆ ಬೋರಲಾಗಿ. ರಾಜಶ್ರೀ ಅದನ್ನು ನೋಡದೆ ಬಂದು ಕೆಳಗೆ ಕೂತಳು. ಅಕ್ಕವ್ವ ಎರಡೂ ಕೈ ಜೋಡಿಸಿದಳು.

"ಈ ವರ್ಸದಾಗ ನನ್ನ ಬಾಯಿಂದ, ಕೈಯಿಂದ, ಮನಸಿನಿಂದ ನಿನಗ ಏನರ ನೋವಾಗಿದ್ರ ಕ್ಷಮಾ ಮಾಡವ್ವ."

ಹೋದ ವರ್ಷ, ಅದರ ಹಿಂದಿನ ವರ್ಷ, ರಾಜಶ್ರೀ ನಕ್ಕು, ಆ ಕೈಗಳನ್ನು ಹಿಡಿದು ಬಿಡಿಸಿ, "ನಾನ ಕೇಳಬೇಕ್ರಿ ಆಯಿ, ನನ್ನೂ ಕ್ಷಮಾ ಮಾಡ್ರಿ" ಅಂದಿದ್ದಳು. ಅಷ್ಟು ಅಂದರೆ ಈಗಲೂ ಆಯಿತು. ಅದನ್ನೇ ಅನ್ನಲು ಬಾಯಿ ತೆರೆದಳು. ಅಕ್ಕವ್ವ ಮುಗಿಸಿರಲಿಲ್ಲ.

"ಬರೇ ಹಂಗ ಅಂದ್ರ ಆಗೂದಿಲ್ಲ, ಆಗಿದ್ದು ಹೇಳಬೇಕು. ಯುಗಾದಿ ಹತ್ತರ ಒಂದಿನ ನೀ ನೀರ ತರಾಕ ತಡಾ ಮಾಡಿದಿ. ನನಗ ನೀರಡಿಕಿ ಆಗಿತ್ತು. ಆಗ ಮನಸಿನ್ಯಾಗ ಅಂದ್ನಿ, ಇವ್ರಿಗೇನ ಗೊತ್ತ ನಮ್ಮ ಧರ್ಮ, ಬ್ಯಾರೇ ಮಂದಿ ಇವ್ರು, ಅಂತ. ಬಾಯಿಲೆ ಅಂದಿಲ್ಲ. ಖರೆ ಅಂದಂಗನ ಅದು. ಅವತ್ತಿಂದ ನಿನ್ನ ಮಾರಿ ನೋಡಿದಾಗೊಮ್ಮೆ ಚುಚ್ಚತೇತಿ."

ಯುಗಾದಿಯ ಹತ್ತಿರ. ಆಗಲೇ ಎರಡು ತಿಂಗಳಾಗಿತ್ತು ಗಟಾರಕ್ಕೆ. ಮನಸ್ಸಿನಲ್ಲಿ ಅಂದ ಒಂದು ಮಾತನ್ನು ಈ ಮುದುಕಿ ಆರು ತಿಂಗಳು ಮಡಿಲಲ್ಲಿಟ್ಟುಕೊಂಡು ಕಾಯ್ದಿದ್ದಾಳೆ, ತನಗೆ ಹಿಂತಿರುಗಿಸಲು. ಯಾವ ಬಾವಿಯದೋ ಅದೇ ಬಾವಿಗೆ. ರಾಜಶ್ರೀಗೆ ಕಿವಿಯಲ್ಲಿ ಮಗ್ಗದ ಸದ್ದು ನಿಂತಂತೆ ಅನಿಸಿತು, ನಿಂತಿರಲಿಲ್ಲ.

"ಆಯಿ, ನಾ ಮುಟ್ಟಸಿಲ್ರಿ."

"ಏನವ್ವ?"

"ಜೀವಾ ಬಾವಿಗೆ ಮುಟ್ಟಸಿಲ್ರಿ. ಸಂಕ್ರಾಂತಿಯಿಂದ."

ಅಕ್ಕವ್ವನ ಕೈಗಳು ಜೋಡಿಸಿದಂತೆಯೇ ಇದ್ದವು. ಇಳಿಸುವುದು ಮರೆತುಹೋಗಿತ್ತು. "ಎಲ್ಲಿ ಚೆಲ್ಲತಿದ್ದಿ?"

"ತಿರುವಿನ ಗಟಾರಕ್ರಿ."

"ಬಣ್ಣದ ನೀರಿನ ಗಟಾರಕ?"

"ಹೂಂನ್ರಿ." ಅದೇ ಹೂಂ. ಈ ಸಲ ಅದಕ್ಕೆ ಬಾಯಿ ತೆರೆಯಬೇಕಾಯಿತು.

ಅಕ್ಕವ್ವ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿದ್ದವು, ಮಾತು ಕೇಳಿಸುತ್ತಿರಲಿಲ್ಲ. ಹೊರಗೆ ಯಾರೋ ಬೈಕು ಚಾಲೂ ಮಾಡಲು ಒದೆಯುತ್ತಿದ್ದರು, ಒದ್ದಷ್ಟೂ ಅದು ಹತ್ತುತ್ತಿರಲಿಲ್ಲ. ಆಮೇಲೆ ಕಣ್ಣು ತೆರೆದು, "ಯಾಕವ್ವಾ?" ಎಂದಳು. ಬೈಗುಳವಿರಲಿಲ್ಲ ಅದರಲ್ಲಿ, ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು. ಕಲ್ಮೇಶನ ಮಾತನ್ನು ಹೇಗೆ ಹೇಳುವುದು? ಮುಧೋಳದವರು ಫೋನು ಮಾಡಲಿಲ್ಲವೆಂದು ಹುಳಗಳು ಸತ್ತವು ಎಂದರೆ ಯಾರಿಗೆ ಅರ್ಥವಾಗುತ್ತದೆ?

"ನಾಚಿಕಿ ಬಂತ್ರಿ."

"ನಮ್ಮ ಧರ್ಮದ್ದು?"

"ಇಲ್ರಿ ಆಯಿ. ನಂದು. ನನ್ನ ಬಗ್ಗೇನ."

ಅಕ್ಕವ್ವ ಕೆಳಗೆ ಬಗ್ಗಿ, ಅವಳ ತಲೆಯ ಮೇಲೆ ಕೈಯಿಟ್ಟಳು. ಒಣ ಎಲೆಯಂಥ ಕೈ. "ಕ್ಷಮಾ ಮಾಡೇನವ್ವಾ. ಇವತ್ತಂತ ಅಲ್ಲ, ಯಾವತ್ತ ಕೇಳಿದ್ರೂ ಮಾಡತಿದ್ನಿ." ರಾಜಶ್ರೀ ಅಳತೊಡಗಿದಳು. ಹಗುರವಾಯಿತು, ಎಂಟು ತಿಂಗಳಲ್ಲಿ ಮೊದಲ ಸಲ ಉಸಿರು ತಳದವರೆಗೆ ಇಳಿಯಿತು. ತಲೆಯ ಮೇಲಿನ ಕೈ ಅಲ್ಲೇ ಇರುವಾಗ ಅಕ್ಕವ್ವ ಹೇಳಿದಳು: "ನಾಳಿಂದ ನೀ ನೀರ ತರಬ್ಯಾಡ."

ಅವಳು ತಲೆಯೆತ್ತಿದಳು.

"ಸಿಟ್ಟ ಅಲ್ಲವ್ವ. ತಪ್ಪ ನಂದು. ವ್ರತ ನಂದು, ಕಾಲು ನಿಂದು. ನಿನ್ನ ಕಾಲಲೆ ನನ್ನ ವ್ರತ ನಡಸಿದ್ನೆಲ್ಲ, ಹೆಂಗ ನಡೀತೇತಿ ಅದು? ಇನ್ನ ಮ್ಯಾಲೆ ನಾನ ಹೋಗತೇನಿ. ಸೇದೂದೂ ನಾನ, ಮುಟ್ಟಸೂದೂ ನಾನ. ಹೋಗಾಕಾದ ದಿನಾ ನೀರು."

"ಹೋಗಾಕಾಗದ ದಿನಾ?"

ಅಕ್ಕವ್ವ ಕಿಟಕಿಯಾಚೆ ನೋಡಿ, ಹೊತ್ತು ಮುಳುಗುವ ಮುನ್ನ ಒಂದು ಗುಟುಕು ಕುಡಿಯಬೇಕೆಂದು ಲೋಟಕ್ಕೆ ಚಾಚಿದ ಕೈಯನ್ನು, ಆ ನೀರು ಯಾರು ತಂದದ್ದೆಂದು ನೆನಪಾಗಿ, ಹಿಂದಕ್ಕೆ ತೆಗೆದುಕೊಂಡಳು.

ಮರುದಿನ ಮುಂಜಾನೆ ಪಾರಿಸಪ್ಪ ಅವರ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ. ರಾಜಶ್ರೀ ಬಾಗಿಲ ಹಿಂದೆ ನಿಂತು ಮಾತಾಡಿದಳು. ಅವನ ಗಡ್ಡ ಬೋಳಿಸಿರಲಿಲ್ಲ.

"ಯಾಕ ಹೇಳಿದಿ ಬೇ? ನಾ ಹೇಳಿದ್ನಿಲ್ಲೋ, ಇರ್ಲಿ ಬಿಡು ಅಂತ?"

"ಆಯಿ ಕೇಳಿದ್ರು ಕಾಕಾ, ಕೈ ಮುಗದು."

"ಕೇಳತಾಳ, ಎಲ್ಲಾರ್ನೂ ಕೇಳತಾಳ. ನಾನೂ ಹೂಂ ಅಂದೇನಿ. ಇಲ್ಲಿ ತನಕಾ ಹೂಂ ಅನಕೋತನ ಬಂದೇನಿ. ಖರೆ ಹೇಳಿ ನಿನ್ನ ಮನಸಾ ಹಗರ ಮಾಡಕೊಂಡಿ. ಭಾರ ಎಲ್ಲಿ ಹೋತು? ಆಕೀ ಮ್ಯಾಲೆ ಹೋತು. ನಿನ್ನೆ ಸಂಜಿಂದ ಬಾಯಾಗ ಹನಿ ನೀರಿಲ್ಲ. ಎಪ್ಪತ್ತೆಂಟ ವರ್ಸದ ಜೀವಾ ಬೇ ಅದು!"

ಆ ಕೊನೆಯ ಮಾತು ಹೇಳುವಾಗ ಅವನ ದನಿ ಒಡೆಯಿತು. ನೀವೂ ನೋಡಿದ್ದಿರಲ್ಲ ಕಾಕಾ ಎಂದು ಅವಳು ಅನ್ನಬಹುದಿತ್ತು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನಿನ್ನೆ ಅಷ್ಟು ಆಳಕ್ಕೆ ಇಳಿದ ಉಸಿರು ಈಗ ಅಲ್ಲೇ ಕಲ್ಲಾಗಿ ಕೂತಿತ್ತು. ಸುಳ್ಳು ಹೇಳಿದಾಗ ಕಾಣದ ಹುಳಗಳು ಸತ್ತವು. ಖರೆ ಹೇಳಿದಾಗ, ಕಣ್ಣಿಗೆ ಕಾಣುವ, ತಲೆಯ ಮೇಲೆ ಕೈಯಿಟ್ಟ ಒಂದು ಜೀವ ಒಣಗುತ್ತಿದೆ. ಬೇರೆಯವರ ದಾರಿಯಲ್ಲಿ ಒಮ್ಮೆ ಕಾಲಿಟ್ಟ ಮೇಲೆ, ಇಡುವುದಕ್ಕೂ ತೆಗೆಯುವುದಕ್ಕೂ ಏನಾದರೂ ತುಳಿಯಲೇಬೇಕೇ? ಅವ್ವ ಒಳಗಿನಿಂದ, "ನಮಗ್ಯಾಕ ಬೇಕಿತ್ತ ಅವ್ರದು, ಸುಮ್ನ ಇರಾಕ ಬರತಿರಲಿಲ್ಲೇನು?" ಎಂದಳು. ಹೇಳಿ, ತನ್ನ ಎದೆಯ ಮೇಲಿನ ಕರಡಿಗೆಯನ್ನು ತಾನರಿಯದೆ ಮುಟ್ಟಿಕೊಂಡಳು.

ಆಗ ಕೋಲಿನ ಸದ್ದು ಕೇಳಿಸಿತು. ಪಾರಿಸಪ್ಪ ತಿರುಗಿ ನೋಡಿ ಓಡಿದ. "ಅವ್ವಾ, ಎಲ್ಲಿಗಿ ಹೊಂಟಿ? ನಾ ತರತೇನಿ ಕುಂಡ್ರ." ಅಕ್ಕವ್ವ ಅವನನ್ನು ಕೋಲಿನಿಂದ ಬದಿಗೆ ಸರಿಸಿದಳು, ಓಣಿಯಲ್ಲಿ ಕರುವನ್ನು ಸರಿಸಿದಂತೆ. ಹೆಗಲ ಮೇಲೆ ಅರಿವೆ, ಕಂಕುಳಲ್ಲಿ ಒಂದು ಚಿಕ್ಕ ಕೊಡ, ಕೈಯಲ್ಲಿ ತಂಬಿಗೆ. ನಾಲ್ಕು ಹೆಜ್ಜೆ, ನಿಲ್ಲುವುದು. ಮೂರು ಹೆಜ್ಜೆ, ನಿಲ್ಲುವುದು. ತಿರುವಿನ ಗಟಾರದ ಹತ್ತಿರ ಬಹಳ ಹೊತ್ತು ನಿಂತಳು. ಅವತ್ತು ಗಟಾರ ನೀಲಿಯಾಗಿ ಹರಿಯುತ್ತಿತ್ತು. ರಾಜಶ್ರೀ ಹತ್ತು ಮಾರು ಹಿಂದೆ, ಪಾರಿಸಪ್ಪನ ಬೆನ್ನಿಗೆ, ಕರೆದರೆ ಓಡುವಷ್ಟು ಹತ್ತಿರ, ಕರೆಯದಿದ್ದರೆ ಕಾಣದಷ್ಟು ದೂರ, ಬರುತ್ತಿದ್ದಳು. ತನ್ನ ಬರಿಗೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಕಟ್ಟೆಯ ಮೇಲೆ ಕಲ್ಮೇಶನಿದ್ದ. ಮುದುಕಿಯನ್ನು ನೋಡಿ ಜೋತುಬಿಟ್ಟ ಕಾಲುಗಳನ್ನು ಮೇಲೆ ತೆಗೆದುಕೊಂಡ. ಪಾರಿಸಪ್ಪ ಬಸದಿಯ ಮೂಲೆಯಲ್ಲಿ, ನೋಡಲಾರದೆ, ಗೋಡೆಯ ಕಡೆ ಮುಖ ಮಾಡಿ ನಿಂತ. ಅಕ್ಕವ್ವ ಅರ್ಧ ಕೊಡ ಸೇದುವಷ್ಟರಲ್ಲಿ ಎರಡು ಸಲ ಹಗ್ಗ ಜಾರಿತು. ಬಾವಿಯ ಕಟ್ಟೆಗೊರಗಿ ಅಲ್ಲೇ ಸೋಸಿದಳು, ಅರಿವೆ ತಿರುವಿದಳು, ಬೊಗಸೆಯಿಂದ ನೀರು ಬಿಟ್ಟು ತಂಬಿಗೆಗೆ ಇಳಿಸಿದಳು. ಕೊಕ್ಕೆ ಸಿಕ್ಕಿಸಿದಳು. ಇಳಿಬಿಡಬೇಕೆಂದರೆ ಬಗ್ಗಬೇಕು, ಬಗ್ಗಿದರೆ ಮೊಣಕಾಲು ಹಿಡಿಯುತ್ತಿರಲಿಲ್ಲ. ತಂಬಿಗೆ ಹಿಡಿದುಕೊಂಡು ಆಕೆ ಸುಮ್ಮನೆ ನಿಂತಳು. ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೂ ರಾಜಶ್ರೀಗೆ ಕೇಳಿಸುತ್ತಿರಲಿಲ್ಲ. ಅವಳು ಆಗಲೇ ಬಾವಿಯ ಹತ್ತಿರವಿದ್ದಳು, ಕೈ ಆಗಲೇ ಹಗ್ಗಕ್ಕೆ ಚಾಚಿತ್ತು.

"ಹಗ್ಗಾ ಮುಟ್ಟಬ್ಯಾಡವ್ವ," ಎಂದಳು ಅಕ್ಕವ್ವ, ತಿರುಗಿ ನೋಡದೆ. "ನನ್ನ ಹಿಡಕೋ."

ಅವಳು ಹಿಂದಿನಿಂದ ಆಕೆಯ ನಡು ಬಳಸಿ ಹಿಡಿದಳು. ಎಷ್ಟು ಹಗುರ! ಸೀರೆಯೊಳಗೆ ಏನೂ ಇಲ್ಲದಂತೆ, ನೂಲಿನ ಒಂದು ಕಟ್ಟು ಹಿಡಿದಂತೆ. ಅಕ್ಕವ್ವ ಅವಳ ತೋಳಿನ ಮೇಲೆ ಭಾರ ಬಿಟ್ಟು ಬಾವಿಯೊಳಕ್ಕೆ ಬಗ್ಗಿದಳು. ಹಗ್ಗ ಇಳಿಯಿತು, ಗೇಣು ಗೇಣಾಗಿ, ಗೋಡೆಗೆ ತಾಗದಂತೆ. ಆ ಹಳೆಯ ಎದೆ ಏಳುವುದು ಬೀಳುವುದು ರಾಜಶ್ರೀಯ ಮುಂಗೈಗೆ ತಿಳಿಯುತ್ತಿತ್ತು. ತನ್ನ ಎದೆಯ ಲಿಂಗ ಆಕೆಯ ಬೆನ್ನಿಗೆ ಒತ್ತುತ್ತಿದೆಯೇನೋ ಎಂದು ಸ್ವಲ್ಪ ಹಿಂದೆ ಸರಿಯಲು ನೋಡಿದಳು. "ಸರೀಬ್ಯಾಡ, ಬೀಳತೇನಿ" ಎಂದಳು ಅಕ್ಕವ್ವ. ಕೆಳಗೆ ತಂಬಿಗೆ ನೀರು ಮುಟ್ಟಿತು. ಒಂದು ಗಳಿಗೆ ಕೂತಿತು. ಮಗುಚಿತು.

"ಹೋದವೇನು ನೋಡ. ನನಗ ಅಷ್ಟ ದೂರ ಕಾಣೂದಿಲ್ಲ."

ರಾಜಶ್ರೀ ಆಕೆಯ ಹೆಗಲ ಮೇಲಿಂದ ನೋಡಿದಳು. ನೀರು ಅಲ್ಲಾಡಿ, ನಿಂತು, ಅದರಲ್ಲಿ ಒಂದು ತುಂಡು ಆಕಾಶ ಮತ್ತು ಎರಡು ತಲೆಗಳು ಕೂಡಿಕೊಂಡವು. ಹೂಂ ಎನ್ನುವುದು ನಾಲಗೆಯ ತುದಿಯಲ್ಲೇ ಇತ್ತು.

"ಕಾಣಸವಲ್ಲವು, ಆಯಿ."

"ನನಗೂ ಎಂದೂ ಕಂಡಿಲ್ಲ ಬಿಡ," ಎಂದಳು ಅಕ್ಕವ್ವ, ಹಗ್ಗ ಮೇಲೆಳೆಯುತ್ತ.

ಹೀಗೆ ನಾಲ್ಕು ದಿನ ನಡೆಯಿತು. ಮೊದಲ ದಿನಕ್ಕಿಂತ ಎರಡನೆಯ ದಿನ ಹೆಚ್ಚು ಸಲ ನಿಂತಳು, ಮೂರನೆಯ ದಿನ ಕೊಡದಲ್ಲಿ ನೀರು ಅರ್ಧವೂ ಇರಲಿಲ್ಲ. ನಾಲ್ಕನೆಯ ದಿನ ತಿರುವಿನಲ್ಲಿ ಕೂತುಬಿಟ್ಟಾಗ ಕಲ್ಮೇಶ ಕಟ್ಟೆಯಿಂದ ಇಳಿದು ಬಂದು, ಏನು ಮಾಡಬೇಕೆಂದು ತಿಳಿಯದೆ, ಗಟಾರದ ಮೇಲೆ ಒಂದು ಹಲಗೆ ಹಾಕಿ ಹೋದ. ರಾಜಶ್ರೀಯ ತೋಳಿಗೆ ಆಕೆಯ ಸೊಂಟದ ಅಳತೆ ರೂಢಿಯಾಗಿತ್ತು. ದಿನಕ್ಕಿಷ್ಟು ಸಡಿಲಾಗುವುದೂ ತಿಳಿಯುತ್ತಿತ್ತು.

ಐದನೆಯ ದಿನ ಮುಂಜಾನೆ ರಾಜಶ್ರೀ ಎದ್ದು, ಜಳಕ ಮಾಡಿ, ಹೊಸ್ತಿಲಲ್ಲಿ ನಿಂತಳು. ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಬಿಸಿಲು ಓಣಿಗೆ ಇಳಿಯಿತು, ಹೊಸ್ತಿಲಿಗೆ ಬಂತು, ಹೊಸ್ತಿಲು ದಾಟಿತು. ಪಾರಿಸಪ್ಪ ಒಮ್ಮೆ ಹೊರಗೆ ಬಂದು, ಅವಳನ್ನು ನೋಡಿ, ಒಳಗೆ ಹೋದ. ಕೋಲಿನ ಸದ್ದು ಬರಲಿಲ್ಲ. ಅಪ್ಪ ಮಗ್ಗ ಹಚ್ಚಿದ. ಅವಳು ಬಂ​ದು ಕಂಡಿಕಿಯ ಮುಂದೆ ಕೂತಳು, ಚಕ್ರ ತಿರುಗಿಸದೆ, ಆ ಬಡಿತದ ಸಂದಿನಲ್ಲಿ ಕಿವಿಯಿಟ್ಟು.

ಮುತ್ತವ್ವ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. "ಮುಂಜಾನಿಂದ ಏನೂ ಕುಡದಿಲ್ಲ. ಕುಡಿ."

ರಾಜಶ್ರೀ ಲೋಟ ಎತ್ತಿಕೊಂಡಳು. ನಲ್ಲಿಯ ನೀರು, ತಿಳಿಯಾಗಿತ್ತು, ತಳದವರೆಗೆ ಕಾಣುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ನೆಲದ ಮೇಲಿಟ್ಟಳು, ಸದ್ದಾಗದಂತೆ.

"ಆಯಿ ಇನ್ನೂ ಬಾವಿಗೆ ಹೋಗಿಲ್ಲವ್ವಾ," ಎಂದಳು.